ಲೂಸು ಎಂಬ ಎರಡಕ್ಷರ

ಮೊನ್ನೆ ತುಮಕೂರಿನ ಬಟ್ಟೆ ಅಂಗಡಿಯಲ್ಲಿ ನಾನು ಹಾಕಿ ನೋಡಿದ ಷರ್ಟು ಭುಜದಿಂದ ಜಾರುತ್ತಿತ್ತು. ‘ಈಗ ಲೂಸೇ ಫ್ಯಾಷನ್ನು ತಾತ’ ಎಂದಳು ಅಂಗಡಿಯ ಹುಡುಗಿ. ನೀವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಿರಿ. ನಾನು ಬೆವರಿದೆ.

ಹೈಸ್ಕೂಲಿನಲ್ಲಿ ಲೂಸ್ ಎಂದರೆ ಸಡಿಲ ಎಂದು ಬರೆಸಿದ್ದರು. ನಮ್ಮ ಕಡೆ ಅಂಗಿ ಲೂಸು, ನಟ್ಟು ಲೂಸು, ಪೊಟ್ಟಣ ಕಟ್ಟದ ಟೀಪುಡಿಯೂ ಲೂಸೇ. ಮನುಷ್ಯನಿಗೆ ಅಂದರೆ ಮಾತ್ರ ತಲೆ ಸರಿಯಿಲ್ಲವೆಂದು ಅರ್ಥ. ನನಗೆ ಬರುತ್ತಿದ್ದ ಇಂಗ್ಲಿಷು ನಾಲ್ಕು ಮಾತು. ಆದರೆ ಈ ಮಾತಿನ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತರ ದಶಕದಲ್ಲಿ ಗುಬ್ಬಿಯ ಒಂದು ಟೈಲರ್ ಅಂಗಡಿಯಲ್ಲಿ ಗಂಗಣ್ಣನೂ ನಾನೂ ಒಟ್ಟಿಗೆ ಹೊಲಿಗೆ ಕಲಿತೆವು. ಮಾಸ್ಟರು ಕತ್ತರಿಯನ್ನು ಅವನ ಕೈಗೆ ಕೊಟ್ಟರು. ನನಗೆ ಕಾಜಾ ಹೊಲಿಯುವ, ಗುಂಡಿ ಹಚ್ಚುವ ಕೆಲಸ. ಅದನ್ನು ನಾನು ನುಂಗಿಕೊಳ್ಳಲಾಗಲಿಲ್ಲ.

ಅವನಿಗೆ ಹೆಣ್ಣು ಕೊಡುವ ಯೋಚನೆಯಲ್ಲಿ ಕುಣಿಗಲ್ಲಿನಿಂದ ಹಿರಿಯರೊಬ್ಬರು ವಿಚಾರಿಸಲು ಬಂದರು. ಗಂಗಣ್ಣ ಊಟಕ್ಕೆ ಹೋಗಿದ್ದ. ‘ಹುಡುಗ ಹೆಂಗಪ್ಪಾ?’ ಎಂದು ನನ್ನನ್ನೇ ಕೇಳಿದರು. ಅವನು ಕತ್ತರಿಸಿದ ಷರ್ಟು ನನ್ನ ತೊಡೆಯ ಮೇಲಿತ್ತು. ಅದನ್ನು ಎತ್ತಿ ನೋಡುತ್ತಾ, ‘ಸ್ವಲ್ಪ ಲೂಸು’ ಎಂದೆ. ಅವರ ಮುಖ ಬಿಳಿಚಿತು. ತರಿಸಿದ್ದ ಟೀ ಕುಡಿಯದೆ ಎದ್ದು ಹೋದರು.

ಸಂಬಂಧ ಮುರಿಯಿತು. ಮಾತು ಊರೆಲ್ಲ ಹರಡಿ ಅವನು ಲೂಸ್ ಗಂಗಣ್ಣನಾದ. ಆಮೇಲೆ ಯಾರೂ ಹೆಣ್ಣು ಕೊಡಲಿಲ್ಲ. ‘ನಾನಂದಿದ್ದು ಷರ್ಟಿಗೆ’ ಎಂದು ಕೇಳಿದವರಿಗೆಲ್ಲ ಹೇಳಿದೆ. ನನಗೂ ಹೇಳಿಕೊಂಡೆ, ಇಷ್ಟು ವರ್ಷ.

ಮೊನ್ನೆ ತುಮಕೂರಿನ ಅಂಗಡಿಯ ಷರ್ಟು ಕಳಚಿಟ್ಟು ನೇರವಾಗಿ ಗುಬ್ಬಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಮೂರು ಸಲ ಇಳಿದುಬಿಡೋಣ ಎನಿಸಿತು. ಇಳಿಯಲಿಲ್ಲ.

ಗಂಗಣ್ಣ ತನ್ನ ಅಂಗಡಿಯಲ್ಲಿ ಇನ್ನೂ ಮಿಷನ್ ತುಳಿಯುತ್ತಿದ್ದ. ಇಬ್ಬರು ಗಿರಾಕಿಗಳು ಕೂತಿದ್ದರು.

‘ಏನ್ಲಾ, ದಾರಿ ತಪ್ಪಿ ಬಂದ್ಯಾ?’

‘ತಪ್ಪು ಒಪ್ಕೊಳ್ಳೋಕೆ ಬಂದೆ ಕಣೋ. ಅವತ್ತು ಆ ಕುಣಿಗಲ್ಲಿನೋರ ಮುಂದೆ...’

‘ಷರ್ಟಿನ ಕತೆ ತಾನೇ? ಕೇಳಿ ಕೇಳಿ ಸಾಕಾಗೈತೆ, ಬುಡ್ಲಾ.’

ಮಿಷನ್ ನಿಲ್ಲಿಸಿದ. ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

‘ಅದನ್ನ ಕತ್ತರಿಸಿದ್ದು ನಾನು. ಒಂದೇ ಮಾತು ಹೇಳು. ಲೂಸಿತ್ತಾ ಅದು?’

‘ಇಲ್ಲ ಗಂಗ. ಅಳತೆಗೆ ಸರಿಯಾಗಿತ್ತು.’

ಗಿರಾಕಿಗಳಿಗೂ ಕೇಳಲಿ ಎಂದು ಇನ್ನೊಮ್ಮೆ, ಜೋರಾಗಿ ಹೇಳಿದೆ.