ಗುರಣ್ಣನ ಗುಳಿಗಿ, ಸಾವಂತ್ರವ್ವನ ಉಪ್ಪು

ಹೊನವಾಡದ ಸಾವಂತ್ರವ್ವ ಬಾಯಿ ತೆಗೆದರೆ ಮೂರು ತೋಟದಾಚೆ ದ್ರಾಕ್ಷಿ ಕೊಯ್ಯುವವರ ಕೈಯೂ ಚುರುಕಾಗುತ್ತಿತ್ತು. ಗಂಡ ಗುರಣ್ಣ ಚಹಾದಂಗಡಿಯಲ್ಲಿ ಇಸ್ಪೀಟಿನ ಎರಡನೇ ಆಟಕ್ಕೆ ಕೂತರೆ ಸಾಕು, ಆ ದನಿ ಅಲ್ಲಿಗೇ ಬಂದು ಅವನನ್ನು ಕಿವಿ ಹಿಡಿದು ಎಬ್ಬಿಸುತ್ತಿತ್ತು.

ಹೋದ ವರ್ಷ ಆ ದನಿ ಇಳಿಯತೊಡಗಿತು. ದ್ರಾಕ್ಷಿ ಒಣಗಿಸುವ ಮಣೂಕದ ಶೆಡ್ಡಿಗೆ ಹೋಗಿ ಬರುವಷ್ಟರಲ್ಲಿ ಸಾವಂತ್ರವ್ವ ಗೋಡೆ ಹಿಡಿದು ಕೂರುವಳು. ಮೈ ಸೊರಗಿತು, ಬಣ್ಣ ಕಪ್ಪಿಟ್ಟಿತು, ವಸಡೂ ಕಪ್ಪಾಯಿತು. ಬಿಸಿಲು ಅಂದರು ಎಲ್ಲರೂ. ಬಾಯೊಳಗಿನ ವಸಡಿಗೆ ಬಿಸಿಲು ಹೇಗೆ ತಾಗೀತು ಎಂದು ಒಬ್ಬರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಗುರಣ್ಣನಿಗೆ ಅದು ಹಬ್ಬದ ಕಾಲ. ಆಟ ಸಂಜೆವರೆಗೂ ನಡೆಯುತ್ತಿತ್ತು, ಎಬ್ಬಿಸುವವರಿರಲಿಲ್ಲ.

ಒಂದು ಮುಂಜಾನೆ ಹಾಸಿಗೆಯಿಂದ ಎದ್ದವಳು ತಲೆ ತಿರುಗಿ ಮತ್ತೆ ಅಲ್ಲೇ ಕೂತಳು. ಗುರಣ್ಣ ಹಳೇ ಬಿಪಿ ಗಿರಾಕಿ. ಆ ವಿಷಯದಲ್ಲಿ ತಾನು ಅರ್ಧ ಡಾಕ್ಟರು ಎಂದೇ ತಿಳಿದವನು.

"ಚಕ್ಕರ್ ಬಂತಂದ್ರ ಅದು ಬಿಪಿನ. ನನ್ನ ಗುಳಿಗಿನ ತಗೋ. ಇವತ್ತಿಂದ ಉಪ್ಪು ಬಂದ್," ಅಂದ.

ಸಂಸಾರದಲ್ಲಿ ಚಾದರ ಹಂಚಿಕೊಂಡಂತೆ ರೋಗವನ್ನೂ ಹಂಚಿಕೊಳ್ಳಬಹುದು ಎಂಬುದು ಅವನ ನಂಬಿಕೆ. ಸಾವಂತ್ರವ್ವ ಗುಳಿಗೆಯನ್ನೇನೋ ನುಂಗಿದಳು, ಉಪ್ಪು ಮಾತ್ರ ಬಿಡಲಿಲ್ಲ. ಅವಳಿಗೆ ಉಪ್ಪಿನ ಹುಚ್ಚೇ ಹಿಡಿದಿತ್ತು. ಉಪ್ಪಿನಕಾಯಿಯ ರಸವನ್ನು ಬಟ್ಟಲಿಗೆ ಬಗ್ಗಿಸಿ ಕುಡಿಯುವಳು. ಗುರಣ್ಣ ಭರಣಿಯನ್ನು ಅಟ್ಟಕ್ಕೇರಿಸಿ, ಉಪ್ಪಿನ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ. ಕೊನೆಗೆ ಕುರಿಗಳಿಗೆ ಇಟ್ಟಿದ್ದ ಉಪ್ಪು ನೆಕ್ಕುವಾಗ ಸಿಕ್ಕಿಬಿದ್ದಳು.

"ಕುರಿ ಪಾಲಿಗೂ ಬಾಯಿ ಹಾಕಿದಿ ಏನ?"

"ಕುರಿಗಿ ಇರೋ ಪುಣ್ಯಾ ನನಗಿಲ್ಲ," ಅಂದಳು ಸಾವಂತ್ರವ್ವ. ಅಷ್ಟು ಹೇಳುವಷ್ಟಕ್ಕೇ ಅವಳಿಗೆ ಏದುಸಿರು. ಗುರಣ್ಣ ಅದನ್ನು ಚಹಾದಂಗಡಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ.

ಮರುದಿನ ಅವಳು ವಾಂತಿ ಮಾಡಿಕೊಂಡು ಅಂಗಳದಲ್ಲೇ ಬಿದ್ದಳು. ಮಗ ಸುಭಾಷ ಜೀಪು ತಂದು ಇಬ್ಬರನ್ನೂ ವಿಜಯಪುರದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಅವಳ ಅಂಗೈಯ ಕಪ್ಪು ಗೆರೆ ನೋಡಿದರು, ವಸಡು ನೋಡಿದರು, ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು.

"ಗುಳಿಗಿ ಏನರ ಕೊಟ್ಟೀರೇನು?"

ಗುರಣ್ಣ ಜೇಬಿನಿಂದ ತನ್ನ ಗುಳಿಗೆಯ ಪಟ್ಟಿ ತೆಗೆದು ತೋರಿಸಿದ, ಸ್ವಲ್ಪ ಹೆಮ್ಮೆಯಿಂದಲೇ.

"ಯಜಮಾನ್ರ, ಇವ್ರ ಬಿಪಿ ಮೊದಲ ನೆಲಾ ಹಿಡದಿತ್ತು. ನೀವು ಇನ್ನಷ್ಟು ಇಳಿಸೀರಿ. ಕಿಡ್ನಿ ಮ್ಯಾಲ ಟೊಪಗಿ ಇಟ್ಟಂಗ ಎರಡು ಗ್ರಂಥಿ ಇರತಾವ. ಮೈಯಾಗ ಉಪ್ಪು, ಕಸುವು ಹಿಡದಿಡೋ ಹಾರ್ಮೋನು ಅಲ್ಲೇ ತಯಾರಾಗೋದು. ಇವ್ರವು ಕೆಲಸಾ ಬಿಟ್ಟಂಗ ಕಾಣತದ. ಉಪ್ಪು ಕೇಳಿದ್ದು ನಾಲಿಗಿ ಅಲ್ರಿ, ಜೀವ."

ಪರೀಕ್ಷೆಗೆ ರಕ್ತ ತೆಗೆದವರೇ ಅದರ ವರದಿಗೆ ಕಾಯದೆ ಇಂಜೆಕ್ಷನ್ ಕೊಟ್ಟು ಬಾಟಲಿ ಏರಿಸಿದರು. ಅದರಲ್ಲಿ ಏನಿದೆ ಎಂದು ಗುರಣ್ಣ ನರ್ಸಮ್ಮನನ್ನು ಕೇಳಿದ. ಉಪ್ಪಿನ ನೀರು ಎಂದಳು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆಗೆ ಸಾವಂತ್ರವ್ವ ಕಣ್ಣು ಬಿಟ್ಟಳು. ಇನ್ನು ಜೀವನಪೂರ್ತಿ ದಿನಾ ಗುಳಿಗೆ, ಒಂದು ದಿನವೂ ತಪ್ಪಿಸುವಂತಿಲ್ಲ ಎಂದು ಡಾಕ್ಟರ್ ಹೇಳಿ ಹೋಗಿದ್ದರು. ಗುರಣ್ಣ ಬೈಗುಳಕ್ಕೆ ತಲೆಯೊಡ್ಡಿ ಕೂತ.

"ಉಂಡಿ ಏನ?" ಅಂದಳು.

ಆ ಮೆತ್ತಗಿನ ಮಾತಿಗೆ ಅವನ ಎದೆಯೊಡೆಯಿತು. ವಾರ್ಡಿನವರೆಲ್ಲ ನೋಡುತ್ತಿರುವಂತೆಯೇ ಬಿಕ್ಕಿ ಅತ್ತ. "ಒಮ್ಮೆ ಬೈದುಬಿಡು. ನಿನ್ನ ನಾನ ಕೊಲ್ಲಾಕತ್ತಿದ್ದೆ," ಅಂದ.

ಸಾವಂತ್ರವ್ವ ಸುತ್ತಲಿನ ಮಂಚಗಳತ್ತ ನೋಡಿದಳು.

"ಇಲ್ಲಿ ಬ್ಯಾನಿ ಮಂದಿ ಮಲಗ್ಯಾರ. ಮನಿಗಿ ನಡಿ, ಅಲ್ಲಿ ಐತಿ ನಿನಗ."