ಪಿಂಗಾಣಿ ಅಂಗಡಿಯ ಹಗ್ಗದಮ್ಮ

ಬೀದಿಯವರಿಗೆಲ್ಲ ಅವಳು ಹಗ್ಗದಮ್ಮ. ಪಿಂಗಾಣಿ ಅಂಗಡಿಯವನಿಗೆ ಮಾತ್ರ ನಾದಿನಿ, ಹೆಂಡತಿಯ ಒಡಹುಟ್ಟಿದ ತಂಗಿ. ತವರೂರು ಭೂಕಂಪದಲ್ಲಿ ನೆಲಸಮವಾದ ಮೇಲೆ ಉಟ್ಟ ಬಟ್ಟೆಯಲ್ಲೇ ಬಂದವಳು. ಅಕ್ಕನೊಬ್ಬಳನ್ನು ಬಿಟ್ಟರೆ ತನ್ನವರು ಅಂತ ಅವಳಿಗೆ ಯಾರೂ ಉಳಿದಿರಲಿಲ್ಲ.

ಸುಮ್ಮನೆ ಕೂತು ಕೊರಗುವುದು ಬೇಡವೆಂದು ಅಂಗಡಿಯವನೇ ಅವಳಿಗೆ ಧೂಳು ಒರೆಸುವ ಕೆಲಸ ಕೊಟ್ಟ. ಅಲ್ಲೇ ಯಡವಟ್ಟಾಗಿದ್ದು. ನೆಲ ನಡುಗಿದರೆ ಉರುಳಿ ಬೀಳಬಾರದೆಂದು ಮೊದಲು ಹೂದಾನಿಗಳ ಕತ್ತಿಗೆ ಹುರಿ ಬಿತ್ತು. ಆಮೇಲೆ ಕಪ್‌ಗಳ ಹಿಡಿಗೆ. ಗಿರಾಕಿ ಒಂದು ಕಪ್ ಎತ್ತಿದರೆ ಸಾಲಿಗೆ ಸಾಲೇ ಹಿಂದೆ ಹೊರಡುತ್ತಿತ್ತು. ಅಂಗಡಿಯವನ ಕುರ್ಚಿಯನ್ನು ಕಿಟಕಿಯ ಸರಳಿಗೆ ಬಿಗಿದಿದ್ದರಿಂದ ಆ ಮಹಾರಾಯ ದಿನಾ ಓರೆಯಾಗಿ ನುಸುಳಿ ಕೂರಬೇಕಾಗಿತ್ತು. ಬೆಕ್ಕು ಜಾಣ, ಮನೆ ಬಿಟ್ಟೇ ಓಡಿಹೋಗಿತ್ತು.

"ಆರು ತಟ್ಟೆ ಬೇಕು ಅಂದ್ರೆ ನಿಮ್ಮ ಬೀರುನೂ ಹೊತ್ಕೊಂಡು ಹೋಗ್ಬೇಕೇನ್ರೀ?" ಎಂದು ಗಿರಾಕಿಯೊಬ್ಬಳು ದಬಾಯಿಸಿ ಎದುರಂಗಡಿಗೆ ನಡೆದಳು. ಅಂಗಡಿಯವನ ಪಿತ್ತ ನೆತ್ತಿಗೇರಿತು. ನಾದಿನಿಯನ್ನು ಕರೆದು ಎರಡು ತಟ್ಟೆಗಳ ಗಂಟು ಬಿಚ್ಚಿಸಿದ, ಅಷ್ಟರಲ್ಲಿ ಅವನ ಚಹಾ ತಣ್ಣಗಾಯಿತು. ತಟ್ಟೆಗಳನ್ನು ಅಂಚಿಗೆ ಅಂಚು ಉಜ್ಜಿ ತೋರಿಸಿದ.

"ನೋಡಮ್ಮ, ಭೂಮಿ ಮೇಲ್ಪದರ ಹೀಗೆ ದೊಡ್ಡ ದೊಡ್ಡ ಹೋಳಾಗಿದೆ. ಜಾಸ್ತಿ ನಡುಗೋದು ಅಂಚುಗಳು ಉಜ್ಜೋ ಕಡೆ. ನಿಮ್ಮೂರು ಅಂಚಲ್ಲಿತ್ತು. ನಾವಿರೋದು ನಟ್ಟನಡುವೆ. ಇಲ್ಲೇನೂ ಆಗಲ್ಲ."

ನಾದಿನಿ ಪಾಠ ಕೇಳುವವಳಂತೆ ಎಲ್ಲ ಕೇಳಿ, ಒಳಗಿನಿಂದ ಇನ್ನೊಂದು ತಟ್ಟೆ ತಂದಳು. ಅದರ ನಟ್ಟನಡುವೆ ಕೂದಲೆಳೆಯಷ್ಟು ಬಿರುಕಿತ್ತು.

"ಇದು, ಭಾವ?"

"ಅದು... ಹಳೇ ಬಿರುಕು. ಅಪರೂಪಕ್ಕೆ ನಡುವೆನೂ ಇರತ್ತೆ."

"ಅಪರೂಪಕ್ಕೆ ಅಂದ್ರೆ, ಆಗತ್ತೆ ಅಂತ ತಾನೆ?"

ಅಂಗಡಿಯವನಿಗೆ ಮೈ ಉರಿದುಹೋಯಿತು. "ನಾಳೆ ಬೆಳಿಗ್ಗೆ ಅಂಗಡೀಲಿ ಒಂದು ಗಂಟು ಕಂಡ್ರೂ ನಿನ್ನ ಬಸ್ ಹತ್ತಿಸ್ತೀನಿ, ಅಷ್ಟೇ!" ಎಂದು ಕೂಗಾಡಿದ. ಯಾವ ಊರಿನ ಬಸ್ಸು ಎಂಬುದು ಅವನಿಗೂ ಗೊತ್ತಿರಲಿಲ್ಲ. ಅವಳು ಹುರಿಯನ್ನೆಲ್ಲ ಬಿಚ್ಚಿ ಉಂಡೆ ಸುತ್ತಿದಳು.

ಮರುದಿನ ಅಂಗಡಿ ಲಕ್ಷಣವಾಗಿತ್ತು. ವ್ಯಾಪಾರ ಬಿರುಸಾಗಿ, ಮಧ್ಯಾಹ್ನದ ಹೊತ್ತಿಗೆ ಅಂಗಡಿಯವನಿಗೆ ಒಬ್ಬನೇ ಸಂಭಾಳಿಸುವುದು ಕಷ್ಟವಾಯಿತು. ಎಷ್ಟು ಕೂಗಿದರೂ ಹೆಂಡತಿ ಬರಲಿಲ್ಲ. ರೇಗಿಕೊಂಡೇ ಹಿಂದಿನ ಕೋಣೆಗೆ ಹೋದ.

ಹೆಂಡತಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಅವಳ ಮಣಿಕಟ್ಟಿಗೆ ಅಂಗಡಿಯ ಹುರಿ, ಹುರಿಯ ಇನ್ನೊಂದು ತುದಿ ತಂಗಿಯ ಮಣಿಕಟ್ಟಿಗೆ. ತಂಗಿ ಬಾಯಿ ಕಳೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಬಂದಾಗಿನಿಂದ, ಸೂರು ಕುಸಿದರೂ ಅಲ್ಲಿ ಉಳಿದೇನೆಂದು ಬಾಗಿಲ ಚೌಕಟ್ಟಿನಲ್ಲಿ ನಿಂತೇ ತೂಕಡಿಸುತ್ತಿದ್ದವಳು ಹೀಗೆ ಮೈಮರೆತು ಮಲಗಿದ್ದನ್ನು ಅವನು ಕಂಡೇ ಇರಲಿಲ್ಲ.

"ಏನೇ ಇದು, ಬಿಚ್ಚೇ!" ಎಂದ.

"ಶ್! ನಾನೇ ಕೈ ಕೊಟ್ಟೆ," ಎಂದು ಹೆಂಡತಿ ಪಿಸುಗುಟ್ಟಿದಳು. "ಬಸ್ ಹತ್ತಿಸೋದಾದ್ರೆ ಇಬ್ರಿಗೂ ಟಿಕೆಟ್ ತಗೊಂಬನ್ನಿ."

ತಾನು ಆಡಿದ ಮಾತಿಗೆ ಅವನಿಗೇ ನಾಚಿಕೆಯಾಯಿತು. ಹೊರಗೆ ಯಾರೋ, "ಅಂಗಡೀಲಿ ಯಾರೂ ಇಲ್ವಾ?" ಎಂದು ಕೂಗಿದರು. ಅವನು ತುದಿಗಾಲಿನಲ್ಲಿ ಓಡಿದ. ಶಟರ್ ಎಳೆದರೆ ಗಡಗಡ ಸದ್ದಿಗೆ ನಾದಿನಿ ಎದ್ದುಬಿಡುತ್ತಾಳೆಂದು, ಬಾಗಿಲಿಗೆ ಅಡ್ಡ ಎರಡೂ ಕೈ ಚಾಚಿ ನಿಂತು, ಬಂದ ಗಿರಾಕಿಗಳನ್ನೆಲ್ಲ ಪಿಸುಮಾತಿನಲ್ಲೇ ಎದುರಂಗಡಿಗೆ ಕಳಿಸತೊಡಗಿದ.