ದೋಣಿ ಹತ್ತದ ದೋಣಿ ಮಾಸ್ತರು

ಅವರ ಹಣೆಯ ಮೇಲೆ ಅಡ್ಡಕ್ಕೊಂದು ಗೆರೆ ಇತ್ತು. ಗೆರೆಯ ಕೆಳಗಿನ ಮುಖವೆಲ್ಲ ಬಿಸಿಲಿಗೆ ಸುಟ್ಟು ಕರ್ರಗಾಗಿತ್ತು. ಮೇಲಿನದು, ಹ್ಯಾಟಿನೊಳಗೆ ಉಳಿದದ್ದು, ಬೆಳ್ಳಗೆ. ಖಾನಾವಳಿಯ ಮೂಲೆಯಲ್ಲಿ ಹ್ಯಾಟು ತೆಗೆದಿಟ್ಟು ಒಬ್ಬರೇ ಊಟಕ್ಕೆ ಕೂತಾಗ ಆ ಗೆರೆ ದೂರದಿಂದಲೇ ಕಾಣುತ್ತಿತ್ತು. ಗದಗಿನ ಮಂದಿ ಅವರನ್ನು ದೋಣಿ ಮಾಸ್ತರು ಎನ್ನುತ್ತಿದ್ದರು. ಹೊಳೆ ಇಲ್ಲದ ಊರಿನಲ್ಲಿ ಆ ಹೆಸರು ಕೇಳಿದವರೆಲ್ಲ ಒಮ್ಮೆ ನಗುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ತೆರೆದ ಹೊಸ ಕಾಲೇಜು ನಮ್ಮದು. ಅವರು ಅಲ್ಲಿ ವ್ಯಾಯಾಮ ಶಿಕ್ಷಕರು. ಹುಟ್ಟಿದ್ದು ಶಿರಹಟ್ಟಿಯಲ್ಲಿ, ಓದಿದ್ದು ಪುಣೆಯಲ್ಲಿ. ಅಲ್ಲಿ ಕಾಲೇಜಿನ ದೋಣಿ ತಂಡಕ್ಕೆ ನಾಯಕರಾಗಿದ್ದರಂತೆ. ಕನ್ನಡದವನೆಂದು ಪುಣೆಯವರು ಅವರನ್ನು ಕಾನಡಿ ಎಂದು ಕರೆದರು. ಇಲ್ಲಿಗೆ ಬಂದ ಮೇಲೆ ನಾವು ಪುಣೇದವರು ಎಂದೆವು. ಮದುವೆಯಾಗಿರಲಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಗೋಡೆಗೆ ಆನಿಸಿಟ್ಟ ಉದ್ದನೆಯ ಹುಟ್ಟುಗಳಿಗೆ ರವಿವಾರ ಅಗಸಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಸುತ್ತಲಿನ ಮನೆಗಳಲ್ಲಿ ಮಗ್ಗ ಸದ್ದು ಮಾಡುತ್ತಿರುತ್ತಿತ್ತು, ಅವರ ಕೋಣೆಯಲ್ಲಿ ಮಾತೇ ಇರುತ್ತಿರಲಿಲ್ಲ.

ಪುಣೆಯಲ್ಲಿ ಯಾರೋ ಬಿಸಾಕಿದ್ದ ಹಳೆಯ ದೋಣಿಯೊಂದನ್ನು ಅವರು ರೈಲಿನಲ್ಲಿ ತರಿಸಿ, ಬಡಿಗೇರರಿಂದ ದುರಸ್ತಿ ಮಾಡಿಸಿ, ಎರಡು ಚಕ್ಕಡಿಗಳ ಮೇಲೆ ಕಟ್ಟಿಸಿಕೊಂಡು ತುಂಗಭದ್ರೆಯ ದಂಡೆಗೆ, ಸಿಂಗಟಾಲೂರಿಗೆ ಸಾಗಿಸಿದ್ದರು. ದಸರೆಯ ಸೂಟಿಯಲ್ಲಿ ಮಾತ್ರ ನಮಗೆ ಆ ಹೊಳೆ ಸಿಗುತ್ತಿತ್ತು. ಉಳಿದ ದಿನ ಕಾಲೇಜಿನ ಬಯಲಿನಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂತು ಬಿದಿರಿನ ಗಳ ಎಳೆಯುತ್ತಿದ್ದೆವು. ದಾರಿಹೋಕರು ನಿಂತು ನೋಡುತ್ತಿದ್ದರು. “ಇದು ಯಾವಾಗ ಊರು ಮುಟ್ಟತೈತ್ರೀ?” ಎಂದು ಒಬ್ಬ ಕೇಳಿದ್ದು ನೆನಪಿದೆ. ಮಾಸ್ತರು ಅವನ ಕಡೆ ತಿರುಗಿ, “ಇನ್ನ ಹೊಂಟೇ ಇಲ್ಲಪಾ,” ಎಂದಿದ್ದರು.

ನಾನು ಅಂತೂರ ಬೆಂತೂರಿನ ಒಕ್ಕಲುತನದ ಮನೆಯ ಹುಡುಗ. ತಂಡಕ್ಕೆ ಹೆಸರು ಕೊಟ್ಟ ದಿನ ಅವರು ಒಬ್ಬೊಬ್ಬರನ್ನೇ ಕರೆದು ಕೇಳಿದರು.

“ಈಸು ಬರತೈತೇನು?”

“ಬರಂಗಿಲ್ರಿ ಸರ್. ನೀರ ಕಂಡ್ರ ಅಂಜಿಕಿ.”

“ಖರೆ ಹೇಳಿದಿ, ಚಲೋ ಆತು. ಮೊದಲ ಬಾವಿ, ಆಮ್ಯಾಲ ಹೊಳಿ.”

ಬರುತ್ತದೆ ಎಂದವರನ್ನೂ ಅವರು ನಂಬಲಿಲ್ಲ. ಎಲ್ಲರನ್ನೂ ಊರ ಹೊರಗಿನ ತೋಟದ ಬಾವಿಗೆ ಕರೆದೊಯ್ದು, ಇಡೀ ಒಂದು ವರ್ಷ ಈಸಿಸಿದರು. ಬಟ್ಟೆ ಉಟ್ಟುಕೊಂಡೇ ಈಸಬೇಕು. ಕಣ್ಣು ಕಟ್ಟಿಕೊಂಡು ಮೆಟ್ಟಿಲು ಹುಡುಕಬೇಕು. ತೇಲಲು ಬೆನ್ನಿಗೆ ಕಟ್ಟಿಕೊಂಡ ಬೆಂಡನ್ನು ಉಳಿದವರು ತಿಂಗಳೊಳಗೆ ಬಿಚ್ಚಿದರು. ನಾನು ಆರು ತಿಂಗಳು ಬಿಚ್ಚಲಿಲ್ಲ. ತಂಡ ಬಿಟ್ಟುಬಿಡುತ್ತೇನೆ ಎಂದಾಗ, “ಬಿಡು. ಆದ್ರ ಈಸು ಕಲತು ಬಿಡು,” ಎಂದರು. ಕಲಿತ ಮೇಲೆ ಬಿಡುವ ಮನಸ್ಸಾಗಲಿಲ್ಲ.

ಅವರಲ್ಲಿ ಒಂದು ವಿಚಿತ್ರವಿತ್ತು. ನಾವು ಹುಟ್ಟು ಹಾಕುತ್ತಿದ್ದರೆ ಅವರು ದಂಡೆಗುಂಟ ಓಡುತ್ತ, ಕೂಗುತ್ತ ಬರುತ್ತಿದ್ದರು. ಜಾಲಿ ಮುಳ್ಳು, ಕೆಸರು ಯಾವುದನ್ನೂ ನೋಡುತ್ತಿರಲಿಲ್ಲ. ಆದರೆ ದೋಣಿಯಲ್ಲಿ ಮಾತ್ರ ಒಂದು ದಿನವೂ ಕಾಲಿಡಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮಗೆ ಬರಲಿಲ್ಲ.

ಏಕೀಕರಣವಾದ ವರ್ಷ ನಮಗೆ ಪುಣೆಯ ಪಂದ್ಯಕ್ಕೆ ಕರೆ ಬಂತು. ಅಲ್ಲಿಯವರೆಗೆ ಯಾರೂ ನಮ್ಮನ್ನು ಕರೆದಿರಲಿಲ್ಲ. ಪತ್ರವನ್ನು ಮಾಸ್ತರು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದರು. ಆ ದಸರೆಗೆ ಸಿಂಗಟಾಲೂರಿನಲ್ಲಿ ಹೊಳೆ ಇನ್ನೂ ಕೆಂಪಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ, ನಡುಹೊಳೆಯಲ್ಲಿ, ತೇಲಿಬಂದ ಮರದ ಬೊಡ್ಡೆಯೊಂದು ದೋಣಿಯ ಪಕ್ಕೆಗೆ ಬಡಿಯಿತು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ದೋಣಿ ಮಗುಚಿ ನಾವು ಐವರೂ ನೀರಿನಲ್ಲಿದ್ದೆವು. ಕೆಳಗೆ ಕತ್ತಲೆ, ಬಾಯಿತುಂಬ ರಾಡಿ. ನನಗೆ ಬಾವಿ ನೆನಪಾಯಿತು. ಕೈಕಾಲು ತಾವೇ ಕೆಲಸ ಮಾಡಿದವು.

ದಂಡೆ ಹತ್ತಿದಾಗ ಮಾಸ್ತರು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಹ್ಯಾಟು ಹೊಳೆಯಲ್ಲಿ ತೇಲಿಹೋಗಿತ್ತು. ನಮ್ಮನ್ನು ಸಾಲಾಗಿ ಕೂಡಿಸಿ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. ಐದು. ಮತ್ತೆ ಮೊದಲಿನಿಂದ ಎಣಿಸಿದರು.

“ಎಲ್ಲಾರೂ ಇದ್ದೀವ್ರಿ ಸರ್,” ಎಂದೆ.

“ಇರ್ಲಿ, ಸುಮ್ಮ ಕುಂಡ್ರು,” ಎಂದು ಮೂರನೆಯ ಸಲ ಎಣಿಸಿದರು. ಆಮೇಲೆ ನಮಗೆ ಬೆನ್ನು ಮಾಡಿ ದೂರ ಹೋಗಿ ಕೂತರು. ದೋಣಿ ಕೆಳಗಿನ ಬಂಡೆಗಳಿಗೆ ಬಡಿದು ಎರಡು ತುಂಡಾಗಿದೆ ಎಂದು ಅಂಬಿಗರು ಬಂದು ಹೇಳಿದಾಗಲೂ ಅವರು ಆ ಕಡೆ ನೋಡಲಿಲ್ಲ.

ಕಾಲೇಜಿನಲ್ಲಿ ದೊಡ್ಡ ಗದ್ದಲವಾಯಿತು. ಮುಖ್ಯಸ್ಥರು ನಮ್ಮೆದುರೇ ಕೇಳಿದರು: “ಹುಡುಗರು ಸತ್ತಿದ್ದರೆ ಯಾರ್ರೀ ಹೊಣೆ?”

“ನಾನ ರೀ,” ಎಂದರು ಮಾಸ್ತರು. ಒಂದು ವರ್ಷ ಈಸು ಕಲಿಸಿದ ಮಾತನ್ನು ಅವರು ಎತ್ತಲೇ ಇಲ್ಲ. ದೋಣಿಯ ಆಟ ಅಂದಿಗೇ ನಿಂತಿತು. ಪುಣೆಯ ಪಂದ್ಯಕ್ಕೆ ಬರಲಾಗುವುದಿಲ್ಲ ಎಂದು ಅವರೇ ಬರೆದು ಹಾಕಿದರು. ಮುಂದೆ ನಿವೃತ್ತಿಯವರೆಗೆ ಅವರು ಕಲಿಸಿದ್ದು ಕವಾಯತು ಮತ್ತು ಲೇಜಿಮು.

ಕೆಲವು ದಿನಗಳ ನಂತರ ಅವರು ನನ್ನನ್ನು ಕರೆದು, “ದೀಪಾವಳಿಗೆ ನನ್ನ ಕೂಡ ಪುಣೆಕ್ಕ ಬರತೀಯೇನು?” ಎಂದರು. ಯಾಕೆಂದು ಹೇಳಲಿಲ್ಲ. ನಾವು ಹೊರಟ ದಿನ ಕರ್ನಾಟಕ ಒಂದಾಯಿತೆಂದು ಗದಗಿನ ಓಣಿ ಓಣಿಯಲ್ಲಿ ತೋರಣ ಕಟ್ಟಿದ್ದರು. ಮಂದಿ ಒಬ್ಬರಿಗೊಬ್ಬರು ಸಕ್ಕರೆ ಹಂಚುತ್ತಿದ್ದರು. ಸ್ಟೇಷನ್ನಿನ ದಾರಿಯಲ್ಲಿ ಯಾರೋ ಮಾಸ್ತರ ಕೈಗೂ ಒಂದಿಷ್ಟು ಸುರಿದರು. ಗಾಡಿ ಹೊರಟ ಮೇಲೂ ಅವರ ಮುಷ್ಟಿ ಮುಚ್ಚಿಯೇ ಇತ್ತು.

ಗಾಡಿಯಲ್ಲಿ ಅವರು ಹೇಳಿದರು. ಪುಣೆಯ ತಂಡದಲ್ಲಿ ಅವರಿಗೊಬ್ಬ ಗೆಳೆಯನಿದ್ದ. ಅವನಿಗೆ ಈಸು ಬರುತ್ತಿರಲಿಲ್ಲ. ಅದು ಗೊತ್ತಿದ್ದದ್ದು ನಾಯಕರಾಗಿದ್ದ ಇವರಿಗೆ ಮಾತ್ರ. ಪಂದ್ಯ ಹತ್ತಿರವಿತ್ತು, ಅವನಂಥ ಕೈ ಇನ್ನೊಂದಿರಲಿಲ್ಲ. “ಸುಮ್ಮನಿದ್ದೆ,” ಎಂದರು. “ದೋಣಿ ಮಗಚಿದಾಗ ನಾವೆಲ್ಲ ಈಸಿ ಬಂದ್ವಿ.”

ಆಮೇಲೆ ಪ್ರತಿ ದೀಪಾವಳಿಗೂ ಆ ಗೆಳೆಯನ ತಾಯಿಯ ಮನೆಗೆ ಹೋಗುತ್ತಿದ್ದರು. ಆಕೆ ಬಾಗಿಲು ತೆರೆಯುತ್ತಿದ್ದಳು, ಒಂದು ತಂಬಿಗೆ ನೀರು ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಇವರು ನೀರು ಕುಡಿದು, ನಮಸ್ಕಾರ ಮಾಡಿ, ಹಿಂದಿರುಗುತ್ತಿದ್ದರು. ಹದಿನಾಲ್ಕು ವರ್ಷ.

ಆ ಸಲವೂ ಆಕೆ ತಂಬಿಗೆ ತಂದಿಟ್ಟಳು. ಮಾಸ್ತರು ಅದನ್ನು ಮುಟ್ಟದೆ, ನಿಂತುಕೊಂಡೇ ಮರಾಠಿಯಲ್ಲಿ ಹೇಳಿದರು: “ಆಯಿ, ಹೋದ ತಿಂಗಳು ನಮ್ಮ ದೋಣಿ ಮಗುಚಿತು. ಐವರಿದ್ದರು. ಐವರೂ ಬಂದರು. ಇವನು ಅವರಲ್ಲಿ ಒಬ್ಬ.”

ಮುದುಕಿ ನನ್ನ ಹತ್ತಿರ ಬಂದಳು. ಕೆನ್ನೆ, ಭುಜ, ತೋಳು ಮುಟ್ಟಿ ನೋಡಿದಳು.

“ನಿನಗೆ ಈಜು ಕಲಿಸಿದವರು ಯಾರು?”

ನಾನು ಮಾಸ್ತರನ್ನು ತೋರಿಸಿದೆ. ಆಕೆ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹೊರಡೋಣವೆಂದು ಮಾಸ್ತರು ಸನ್ನೆ ಮಾಡುವಷ್ಟರಲ್ಲಿ ಎರಡು ತಾಟು ತಂದು ನೆಲಕ್ಕಿಟ್ಟು, ಅವರ ಮುಖ ನೋಡದೆಯೇ, “ತುಂಬ ಸೊರಗಿದ್ದೀ. ಕೂತು ಉಣ್ಣು,” ಎಂದಳು.

ಮಾಸ್ತರು ಕೂತರು. ತಾಟಿನಲ್ಲಿ ಒಂದು ಅಗುಳೂ ಬಿಡದೆ ಉಂಡರು.

ಎರಡು ವರ್ಷದಲ್ಲಿ ಆಕೆ ತೀರಿಕೊಂಡಳು. ಅದಾದ ಮೇಲೆ ದೀಪಾವಳಿಗೆ ಹೋಗಲು ಮಾಸ್ತರಿಗೆ ಯಾವ ಊರೂ ಉಳಿಯಲಿಲ್ಲ. ನಿವೃತ್ತರಾಗಿ ಶಿರಹಟ್ಟಿಗೆ ಹೋಗಿ ಒಬ್ಬರೇ ಇದ್ದರು. ನಾನು ಮುಂಡರಗಿಯಲ್ಲಿ ಶಾಲೆಯ ಕೆಲಸಕ್ಕೆ ಸೇರಿದ್ದೆ. ವರ್ಷಕ್ಕೆ ಒಂದೆರಡು ಸಲ ಹೋಗಿ ಬರುತ್ತಿದ್ದೆ. ಇನ್ನೂ ಹೆಚ್ಚು ಹೋಗಬೇಕಿತ್ತು. ಹೋದಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ: “ನಿಮ್ಮ ಸಾಲಿ ಹುಡುಗೂರಿಗೆ ಈಸು ಕಲಿಸಿದಿಯೋ ಇಲ್ಲೋ?” ಹೊಳೆಯ ಸೀಮೆಯ ಹುಡುಗರು, ತಾವೇ ಕಲಿತಿರುತ್ತಾರೆ ಎಂದು ನಾನು ಜಾರಿಕೊಂಡರೆ, “ಕಲತಿರತಾರ ಅನಬ್ಯಾಡ. ನೀರಿಗಿಳಿಸಿ ನೋಡು,” ಎನ್ನುತ್ತಿದ್ದರು. ನೋಡಿದೆ. ಅರ್ಧ ಮಂದಿಗೆ ಬರುತ್ತಿರಲಿಲ್ಲ. ಅಂದಿನಿಂದ ಪ್ರತಿ ಬೇಸಿಗೆ ಕಲಿಸಿದೆ.

ಅವರು ಹೋದ ಸುದ್ದಿ ತಿಳಿದು ಮೊದಲ ಬಸ್ಸಿಗೇ ಹೋದೆ. ಹೆಗಲು ಕೊಡಲು ಓಣಿಯ ಮೂವರು ಸೇರಿದ್ದರು, ನಾಲ್ಕನೆಯವನು ನಾನು. ಮಣ್ಣು ಮಾಡಿ ಹಿಂದಿರುಗುವಾಗ ಅವರಲ್ಲೊಬ್ಬ ಮೆಲ್ಲಗೆ ಕೇಳಿದ: “ಮಾಸ್ತರು ನಿಮಗ ಏನಾಗಬೇಕ್ರಿ?”

ಕೈಗೆ ಹತ್ತಿದ ಮಣ್ಣು ಕೊಡವಿಕೊಳ್ಳುತ್ತ, “ಅವರ ಇರದಿದ್ರ ನಾ ಇರತಿದ್ದಿಲ್ಲಪಾ,” ಎಂದೆ.